ನೋವಿದ್ದಾಗ ತೆಗೆಯಬೇಕಾದ ರಕ್ತ

ರಾಜೇಶ್ವರಿ ಅವರನ್ನು ನಾನು ಮೊದಲು ಕಂಡದ್ದು ಗೋಕಾಕ ಬಸ್ ನಿಲ್ದಾಣದಲ್ಲಿ, ಜುಲೈ ತಿಂಗಳ ಒಂದು ಸೋಮವಾರ, ಬೆಳಗಿನ ಒಂಬತ್ತೂಕಾಲಿಗೆ. ತೊಡೆಯ ಮೇಲೆ ನೀಲಿ ಡಬ್ಬಿ ಇತ್ತು. ಮುಚ್ಚಳಕ್ಕೆ ಹಳೆಯ ಸೀರೆಯ ಅಂಚು ಬಿಗಿದಿದ್ದರು. ನಾನು ಹಿಡಿದುಕೊಳ್ಳಲು ಕೈ ಚಾಚಿದರೆ ಕೊಡಲಿಲ್ಲ. "ಇದರಾಗ ಬರೇ ಐಸ್ ಐತ್ರಿ. ನೀವು ಸೀಟ್ ಹಿಡೀರಿ, ಅದ ದೊಡ್ಡ ಕೆಲಸ" ಎಂದರು.

ಅವರು ಹುಕ್ಕೇರಿಯವರು. ಹನ್ನೆರಡು ವರ್ಷ ಲ್ಯಾಬ್‌ನಲ್ಲಿ ರಕ್ತ ತೆಗೆದು, ಮಕ್ಕಳ ಮೈಗ್ರೇನನ್ನು ರಕ್ತದಿಂದ ಗುರುತಿಸಬಹುದೇ ಎಂದು ಹುಡುಕುವ ಒಂದು ಅಧ್ಯಯನಕ್ಕೆ ಸೇರಿದ್ದರು. ಬಿ.ಎಸ್ಸಿ. ಮುಗಿಸಿದ ನಾನು ಅಲ್ಲಿ ವಿವರ ಬರೆದುಕೊಳ್ಳಲು ಅಂದೇ ಸೇರಿದವನು. ಪ್ರತಿ ಮಗುವಿನ ರಕ್ತ ಎರಡು ಸಲ ಬೇಕಿತ್ತು: ತಲೆನೋವು ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ. ನೋವು ಶುರುವಾದ ಕೂಡಲೇ ಮನೆಯವರು ಫೋನ್ ಮಾಡಬೇಕು.

ಅಂದು ಫೋನ್ ಬಂದು ಹೋದದ್ದು ಕೌಜಲಗಿಗೆ, ಕುರಿ ಸಾಕುವ ಶೆಟ್ಟೆವ್ವನ ಮನೆಗೆ. ಐದನೇ ತರಗತಿಯ ಮಗಳು ಮಾಯಾ ತಿಂಗಳಿಗೆ ಐದಾರು ದಿನ ಶಾಲೆ ತಪ್ಪಿಸುತ್ತಿದ್ದಳು. ನೆಪ ಹೇಳುತ್ತಾಳೆಂದು ಶಾಲೆಯಲ್ಲಿ ಬೈಯುತ್ತಿದ್ದರು. ಮಗಳು ಸುಳ್ಳು ಹೇಳುತ್ತಿಲ್ಲ ಎಂಬ ಒಂದು ಕಾಗದ ಶೆಟ್ಟೆವ್ವನಿಗೆ ಬೇಕಿತ್ತು.

ರಾಜೇಶ್ವರಿ ನಳಿಕೆಯ ಮೇಲೆ 'ನೋವಿದ್ದಾಗ' ಎಂದು ಬರೆದರು. ತೋಳಿಗೆ ರಬ್ಬರ್ ಪಟ್ಟಿ ಕಟ್ಟಲು ಬಾಗಿದವರು ಮಾಯಾಳ ತಲೆ ನೋಡಿ ನಿಂತರು. ಎಣ್ಣೆ ಹಚ್ಚಿ ಎರಡು ಜಡೆ ಬಿಗಿಯಾಗಿ ಹೆಣೆದಿತ್ತು. ನೋವಿದ್ದಾಗ ಬಾಚಣಿಕೆ ಮುಟ್ಟಿಸಿಕೊಳ್ಳುವುದಿಲ್ಲ ಎಂದು ತಾಯಿಯೇ ಹಿಂದೆ ಅವರಿಗೆ ಹೇಳಿದ್ದಳಂತೆ.

"ಶೆಟ್ಟೆವ್ವಾ, ತಲಿ ನೂಸೂದು ಯಾವಾಗ ಬಿಟ್ಟೈತಿ?"

"ನಿನ್ನಿ ಸಂಜೀಕ ಬಿಟ್ಟೈತ್ರಿ ಬಾಯಾರ. ಕೂಸು ಒದ್ದಾಡಾಕತ್ತಾಗ ರಕ್ತಾ ತಗಸ್ಲೇನ್ರಿ? ಜಡ್ಡಾದ ಕುರಿ ಉಣ್ಣಿನೂ ಕತ್ತರಸೂದಿಲ್ರಿ ನಾವು."

ಅಂದು ರಕ್ತ ತೆಗೆಯಲಿಲ್ಲ. ಹಿಂದಿರುಗುವ ಬಸ್ಸಿನಲ್ಲೇ ಕೂತು ರಾಜೇಶ್ವರಿ, ಹಿಂದೆ ರಕ್ತ ತೆಗೆದಿದ್ದ ಹದಿನಾಲ್ಕು ಮನೆಗಳಿಗೆ ಫೋನ್ ಮಾಡಿದರು. ಒಂಬತ್ತು ಮನೆಗಳಲ್ಲಿ ಇದೇ ಕತೆ: ಮಗು ಚೇತರಿಸಿಕೊಂಡ ಮೇಲೆಯೇ ಇವರನ್ನು ಕರೆದಿದ್ದರು. ಆ ಒಂಬತ್ತು ನಳಿಕೆಗಳನ್ನು ನಂಬುವಂತಿಲ್ಲ, ಕೇಳದೆ 'ನೋವಿದ್ದಾಗ' ಎಂದು ಬರೆದದ್ದು ತಮ್ಮದೇ ತಪ್ಪು ಎಂದು ಅಧ್ಯಯನ ನಡೆಸುವ ಡಾಕ್ಟರರಿಗೆ ತಾವೇ ಹೇಳಿದರು. ಮೂರು ತಿಂಗಳ ಕೆಲಸ ಹೋಯಿತು.

ಮತ್ತೆ ಕೌಜಲಗಿಗೆ ಹೋದಾಗ ಶೆಟ್ಟೆವ್ವನಿಗೂ ಮುಚ್ಚಿಡಲಿಲ್ಲ. ರಕ್ತ ನೋಡಿ ಮೈಗ್ರೇನ್ ಎಂದು ಹೇಳುವ ಪರೀಕ್ಷೆ ಇನ್ನೂ ಇಲ್ಲ, ಹುಡುಕುತ್ತಿದ್ದೇವೆ ಅಷ್ಟೇ ಎಂದರು.

"ಹಂಗಾದ್ರ ನಮ್ಮ ಕೂಸಿನ ರಕ್ತಾ ಯಾಕ ಬೇಕ್ರಿ?"

ಮುಂದಿನ ಮಕ್ಕಳಿಗೆ ಉಪಯೋಗವಾಗಬಹುದು, ಆಗದೆಯೂ ಇರಬಹುದು ಎಂದ ರಾಜೇಶ್ವರಿ, ಶಾಲೆಯ ಕಾಗದಕ್ಕೆ ರಕ್ತವಲ್ಲ, ತಾಯಿಯ ಮಾತೇ ಬೇಕು ಎಂದರು. ನೋವು ಯಾವ ಕಡೆ, ಎಷ್ಟು ಹೊತ್ತು, ಬೆಳಕು ಸೇರುತ್ತದೆಯೇ, ವಾಂತಿ ಆಗುತ್ತದೆಯೇ ಎಂದು ಕೇಳಿ ನನ್ನಿಂದ ಎರಡು ಪುಟ ಬರೆಸಿದರು. ಮರುವಾರ ಡಾಕ್ಟರರು ಅದನ್ನು ಓದಿ, ಮಾಯಾಳನ್ನು ಪರೀಕ್ಷಿಸಿ, ಮೈಗ್ರೇನ್ ಎಂದು ಶಾಲೆಗೆ ಪತ್ರ ಕೊಟ್ಟರು.

ಈಗ ರಾಜೇಶ್ವರಿ ಪ್ರತಿ ಗುರುವಾರ ಮೂಡಲಗಿಯಲ್ಲಿ ಕೂತು ತಾಯಂದಿರಿಂದ ಮಕ್ಕಳ ತಲೆನೋವಿನ ವಿವರ ಕೇಳಿ ಬರೆಯುತ್ತಾರೆ. ಉಳಿದ ದಿನ, ಫೋನ್ ಬಂದ ಮನೆಗೆ ಹೋಗಿ, ನೋವು ಇನ್ನೂ ಇದೆಯೇ ಎಂದು ಕೇಳಿಕೊಂಡೇ ರಕ್ತ ತೆಗೆಯುತ್ತಾರೆ.