ನಕ್ಷೆಯಲ್ಲಿ ಕಂಡ ಎರಡು ಸಾಲು

ದೊಡ್ಡಬಳ್ಳಾಪುರದ ನೇಕಾರರಲ್ಲಿ ಹೆಣ್ಣು ಕೇಳಲು ಹೋದರೆ ಮೊದಲ ಮಾತೇ ‘ನಿಮ್ಮೂರು ಯಾವ್ದಪ್ಪಾ?’ ಅದೇ ನನಗೆ ಗೊತ್ತಿರಲಿಲ್ಲ. ಕೈಗೂಸಾಗಿದ್ದ ನನ್ನನ್ನು ತ್ಯಾಮಗೊಂಡ್ಲು ಕಡೆಯಿಂದ ಎತ್ತಿಕೊಂಡು ಬಂದು ಸಾಕಿದಾತ, ‘ನಿಮ್ಮಪ್ಪಾನೂ ನೇಕಾರನೇ ಕಣೋ, ಕಾಯಿಲೇಲಿ ಹೋದ’ ಎಂದಷ್ಟೇ ಹೇಳಿ ತಾನೂ ಕಣ್ಣು ಮುಚ್ಚಿದ. ಊರಿಲ್ಲದವನಿಗೆ ಹೆಣ್ಣು ಕೊಡುವವರು ಯಾರು? ಎರಡು ಸಂಬಂಧ ತಪ್ಪಿದ ಮೇಲೆ ಕೇಳುವುದನ್ನೇ ಬಿಟ್ಟೆ.

ಎರಡನೇ ಮಹಾಯುದ್ಧದ ಕಾಲ. ನೂಲು ಸಿಗದೆ ಮಗ್ಗ ಸುಮ್ಮನೆ ಕೂತಿತ್ತು. ನನ್ನ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದ ರಸ್ತೆ ಓವರ್‌ಸಿಯರು ಒಂದು ದಿನ ಹಳೆಯ ಸರ್ವೆ ನಕ್ಷೆಯನ್ನು ಜಗಲಿಯ ಮೇಲೆ ಹರಡಿದರು. ಕೆರೆ, ಗುಡ್ಡ, ಸುಣ್ಣದ ಗೂಡು, ಇಟ್ಟಿಗೆ ಗೂಡು, ಎಲ್ಲಕ್ಕೂ ಗುರುತಿತ್ತು. ಹಳ್ಳಿಗಳ ಮನೆಗಳು ಚೆಲ್ಲಿದ ರಾಗಿಯ ಹಾಗೆ ಗುಂಪುಗುಂಪಾಗಿದ್ದವು. ನೇಕಾರರಿದ್ದ ಕಡೆ ಮಾತ್ರ ಎರಡು ನೇರ ಸಾಲು. ಮಗ್ಗಕ್ಕೇರಿಸುವ ಮೊದಲು ಹಾಸಿನ ನೂಲನ್ನು ಬೀದಿಯುದ್ದಕ್ಕೂ ಚಾಚಿ ಗಂಜಿ ಸವರಬೇಕಲ್ಲ, ಡೊಂಕು ಬೀದಿ ನಮಗೆ ಆಗಿಬರುವುದಿಲ್ಲ. ತ್ಯಾಮಗೊಂಡ್ಲಿನ ಆಚೆ, ಬಯಲಿನಲ್ಲಿ, ಹೆಸರಿಲ್ಲದ ಅಂಥದೇ ಎರಡು ಸಾಲು ಕಂಡಿತು. ನಮ್ಮೂರು ಇದೇ ಎಂದು ಯಾರನ್ನೂ ಕೇಳದೆ ತೀರ್ಮಾನಿಸಿಬಿಟ್ಟೆ.

‘ನಮ್ಮೂರು ನೋಡ್ಕೊಂಡ್ ಬರ್ತೀನಿ’ ಎಂದು ಬೀದಿಗೆಲ್ಲ ಸಾರಿ ಹೊರಟೆ. ಹೊಸ ಪಂಚೆ ಬೇರೆ ಉಟ್ಟಿದ್ದೆ. ಯಾರಿಗೆ ತೋರಿಸಲಿಕ್ಕೋ ದೇವರೇ ಬಲ್ಲ.

ಅಲ್ಲಿ ಬೀದಿಯಿಲ್ಲ, ಒಂದು ಮೋಟುಗೋಡೆಯೂ ಇಲ್ಲ. ಬರೀ ಕುರುಚಲು ಬಂದರೆ ಗಿಡ. ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳನ್ನು ಕೇಳಿದೆ: ‘ಇಲ್ಲಿ ನೇಕಾರರ ಊರಿತ್ತಲ್ಲ ಅಜ್ಜಿ?’

‘ಊರೆಲ್ಲಿ ಬಂತು ಮಗಾ? ಪ್ಲೇಗಿನ್ ಗುಡ್ಲು ಇದ್ವು. ಸರ್ಕಾರದೋರು ಹಗ್ಗ ಹಿಡ್ದು ಸಾಲಾಗಿ ಹಾಕ್ಸಿದ್ರು. ಸುತ್ತಲ ಹಳ್ಳಿಯೋರೆಲ್ಲ ಮನೆ ಬಿಟ್ಟು ಇಲ್ಲೇ ಬಂದಿದ್ರು.’

‘ನೇಕಾರರು ಯಾವೂರಿಂದ ಬಂದಿದ್ರು?’

‘ಯಾರಿಗ್ ಗೊತ್ತು? ಬದುಕ್ದೋರು ಅವರವರ ಊರಿಗೆ ಹೊಂಟೋದ್ರು.’

ಅಪ್ಪನ ಕಾಯಿಲೆ ಯಾವುದೆಂದು ಆಗ ತಿಳಿಯಿತು. ಅಪ್ಪ, ಅಮ್ಮ ಈ ಗುಡಿಸಲುಗಳಿಂದ ವಾಪಸು ಹೋಗಲಿಲ್ಲ. ಎಲ್ಲಿಗೆ ಹೋಗಬೇಕಿತ್ತು ಎಂದು ಹೇಳುವವರೂ ಉಳಿಯಲಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ನನ್ನದು ಎಂದು ತೋರಿಸಲು ಒಂದು ಕಲ್ಲೂ ಇರಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಮುದುಕಿ ಕುರಿಗಳನ್ನು ಅತ್ತ ಹೊಡೆದುಕೊಂಡು ಹೋದಳು.

ಬೀದಿಗೆಲ್ಲ ಹೇಳಿ ಹೋದವನು ಬರಿಗೈಲಿ ಬಂದೆ ಅನ್ನುವುದು ಹೇಗೆ? ದಾರಿಯುದ್ದಕ್ಕೂ ಯೋಚಿಸಿ ಊರಿಗೊಂದು ಹೆಸರು ಕಟ್ಟಿದೆ. ಮರೆಯದಿರಲೆಂದು ಬಾಯಲ್ಲೇ ಹೇಳಿಕೊಳ್ಳುತ್ತ ನಡೆದೆ.

ಸಂಜೆ ಜಗಲಿಯಲ್ಲಿ ಕೂತವರು ‘ಸಿಕ್ತೇನಪ್ಪಾ ನಿಮ್ಮೂರು?’ ಎಂದರು.

‘ಸಿಕ್ತು’ ಎಂದೆ.

‘ಒಳ್ಳೇದಾಯ್ತು ಬಿಡು’ ಎಂದು ನೂಲಿನ ಮಾತಿಗೆ ಹೊರಳಿದರು. ಹೆಸರು ಕೇಳುತ್ತಾರೆಂದು ಕತ್ತಲಾಗುವ ತನಕ ಅಲ್ಲೇ ನಿಂತಿದ್ದೆ. ಯಾರೂ ಕೇಳಲಿಲ್ಲ.