ಹಲ್ಲು ಬಂದವು, ಬಾಯಿ ಬರಲಿಲ್ಲ

ಚಪಳಗಾಂವದ ಗುರುಬಾಯಿಯ ಬಾಯಿಯೊಳಗೆ ಹೆಚ್ಚುಕಡಿಮೆ ಒಂದು ವರ್ಷ ಯಾರೂ ಇಣುಕಿ ನೋಡಲಿಲ್ಲ. ಅವಳು ಸತ್ತದ್ದು ಅದರಿಂದ. ಮಣ್ಣಿಗೆ ಬಂದವರು ಹಣೆಬರಹ ಅಂದರು, ತಂಬಾಕು ಅಂದರು, ವಯಸ್ಸಾಗಿತ್ತು ಬಿಡು ಅಂದರು. ತಂಬಾಕಿನ ಮಾತು ಸುಳ್ಳಲ್ಲ. ಆದರೆ ತಂಬಾಕು ಹುಣ್ಣು ಮಾಡಿತು, ಅಷ್ಟೇ. ಆ ಹುಣ್ಣಿಗೆ ಬೆಳೆಯಲು ಪುರಸತ್ತು ಕೊಟ್ಟದ್ದು ನಮ್ಮ ದವಾಖಾನೆಯಲ್ಲಿ ಜನರ ಗರ್ದಿ ಕಡಿಮೆ ಮಾಡಲು ಹೂಡಿದ ಉಪಾಯ. ಆ ಉಪಾಯ ಬಹಳ ಚೆನ್ನಾಗಿತ್ತು. ಅದನ್ನೂ ಹೇಳಬೇಕು.

ಕೊರೋನಾ ಮುಗಿದು, ಜನ ಮಾಸ್ಕ್ ತೆಗೆದು ಮತ್ತೆ ಒಬ್ಬರ ಮೈಗೆ ಒಬ್ಬರು ಹತ್ತಿ ಕೂರತೊಡಗಿದ ಕಾಲ ಅದು. ನಾನು ಅಕ್ಕಲಕೋಟೆಯ ಎಸ್‌ಟಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹಲ್ಲಿನ ದವಾಖಾನೆಯಲ್ಲಿ ಕೆಲಸಕ್ಕಿದ್ದೆ. ನನ್ನ ಹೆಸರು ಮಹಾದೇವಿ; ಆದರೆ ಡಾಕ್ಟರರಿಂದ ಹಿಡಿದು ಪೇಷಂಟರವರೆಗೆ ಬಹುತೇಕ ಎಲ್ಲರಿಗೂ ನಾನು ಮಾವಶಿ, ಅಂದರೆ ಚಿಕ್ಕಮ್ಮ. ನೆಲ ಒರೆಸುವುದು, ಸಲಕರಣೆ ತೊಳೆದು ಸ್ಟೆರಿಲೈಜರ್ ಎಂಬ ಉಗಿಯ ಪೆಟ್ಟಿಗೆಗೆ ಹಾಕುವುದು, ಪೇಷಂಟರನ್ನು ಒಳಗೆ ಕರೆಯುವುದು, ಹೊರಗೆ ಜಗಳವಾದರೆ ಬಿಡಿಸುವುದು ನನ್ನ ಕೆಲಸ. ಕುರನೂರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತದ್ದು ಇದಕ್ಕೆ ಸಾಕಾಗಿತ್ತು.

ಡಾಕ್ಟರ್ ಸ್ನೇಹಲ್ ಸೋಲಾಪುರದ ಚಾದರ ವ್ಯಾಪಾರಿಗಳ ಮನೆಯ ಹುಡುಗಿ. ಬೆಳಿಗ್ಗೆ ಕಾರಿನಲ್ಲಿ ಬಂದರೆ ಸಂಜೆ ತಿರುಗಿ ಹೋಗುವರು. ಕೈ ಚಲೋ, ಮಾತು ಮೆತ್ತಗೆ. ಆದರೆ ದವಾಖಾನೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಒಬ್ಬರೇ ಡಾಕ್ಟರ್. ಹಳ್ಳಿಯ ಜನ ಮೊದಲ ಬಸ್ಸಿಗೆ ಬಂದಿಳಿದು ಮೆಟ್ಟಿಲ ಮೇಲೆ ಸಾಲಾಗಿ ಚಪ್ಪಲಿ ಬಿಟ್ಟು, ಅದೇ ತಮ್ಮ ಪಾಳಿ ಎಂದು, ಬರಿಗಾಲಲ್ಲಿ ದೇವರ ದರ್ಶನಕ್ಕೋ ಸಂತೆಗೋ ಹೋಗಿಬಿಡುತ್ತಿದ್ದರು. ಒಬ್ಬ ಗಂಡಸು ಎಡಗಾಲಿನದು ಒಂದು ಕಡೆ, ಬಲಗಾಲಿನದು ಇನ್ನೊಂದು ಕಡೆ ಇಟ್ಟು ಎರಡು ಪಾಳಿ ಹಿಡಿದಿದ್ದ. ಅವನ ಚಪ್ಪಲಿ ಎರಡೂ ರಸ್ತೆಗೆ ಎಸೆದವಳು ನಾನೇ.

ಗುರುಬಾಯಿ ಆ ಸಾಲಿನ ಕಾಯಂ ಗಿರಾಕಿ. ಹೊಲ, ಎಮ್ಮೆ, ಮಗ, ಸೊಸೆ ಎಲ್ಲ ಇದ್ದ ಗಟ್ಟಿ ಮನೆಯ ವಿಧವೆ. ಹಲ್ಲು ಎಲ್ಲ ಉದುರಿ ಪೂರ್ತಿ ಸೆಟ್ಟು ಹಾಕಿಸಿಕೊಂಡಿದ್ದಳು. ಹಲ್ಲು ಹೋದರೂ ಮಿಶ್ರಿ ಬಿಟ್ಟಿರಲಿಲ್ಲ. ಮಿಶ್ರಿ ಎಂದರೆ ತಂಬಾಕನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ. ನಮ್ಮ ಕಡೆಯ ಹೆಂಗಸರು ಅದರಿಂದಲೇ ಹಲ್ಲು ತಿಕ್ಕುತ್ತಾರೆ. ಇವಳು ಬರೀ ವಸಡು ತಿಕ್ಕುತ್ತಿದ್ದಳು.

ಹೊಸ ಸೆಟ್ಟು ಹೊಸ ಚಪ್ಪಲಿಯ ಹಾಗೆ, ಎಲ್ಲಾದರೂ ಕಚ್ಚುತ್ತದೆ. ಕಚ್ಚಿದ ಜಾಗವನ್ನು ಡಾಕ್ಟರರು ಬಾಯಿಯಲ್ಲಿ ನೋಡಿ, ಸೆಟ್ಟಿನ ಆ ಭಾಗವನ್ನು ಬರ್ ಎಂಬ ಗಿರಗಿರ ತಿರುಗುವ ಮೊನೆಯಿಂದ ತೀಡುತ್ತಾರೆ. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಅದಕ್ಕಾಗಿ ಗುರುಬಾಯಿ ದಿನಪೂರ್ತಿ ಕೂರುತ್ತಿದ್ದಳು. ಮಧ್ಯಾಹ್ನ ನಾವಿಬ್ಬರೂ ಹಿಂದಿನ ಮೆಟ್ಟಿಲಲ್ಲಿ ರೊಟ್ಟಿ ಗಂಟು ಬಿಚ್ಚುತ್ತಿದ್ದೆವು. ಅವಳು ಸೆಟ್ಟು ತೆಗೆದು ಸೆರಗಿನಲ್ಲಿ ಕಟ್ಟಿ, ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಉಣ್ಣುವಳು.

"ಅಲ್ಲ ಗುರುಬಾಯಿ, ಹಲ್ಲ ಮಾಡಿಸ್ಕೊಂಡಿ, ಉಣ್ಣಾಗ ತಗದ ಇಡ್ತಿ?"

"ಇವು ಬೀಗರಿಗಿ ತೋರ್ಸಾಕ, ಮಾದೇವಿ. ಉಣ್ಣಾಕ ಅಲ್ಲ," ಎಂದು ಬೋಳು ಬಾಯಿ ಅಗಲಿಸಿ ನಗುವಳು. ಆ ಬಾಯಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಗ ಅದರಲ್ಲಿ ಏನೂ ಇರಲಿಲ್ಲ. ಕೆಂಪು ವಸಡು, ಮಿಶ್ರಿಯ ಕಪ್ಪು, ಅಷ್ಟೇ.

ಒಂದು ದಿನ ಡಾಕ್ಟರರು ಒಬ್ಬನ ರೂಟ್ ಕೆನಾಲಿಗೆ ಕೂತರು. ಹಲ್ಲಿನ ಬೇರಿನೊಳಗೆ ಹೊಕ್ಕು ಕೊಳೆತ ನರ ತೆಗೆಯುವ ಕೆಲಸ, ಎದ್ದೇಳುವ ಹಾಗಿಲ್ಲ. ಚಪಳಗಾಂವದ ಕಡೆಯ ಬಸ್ಸು ಹೋಗಿಬಿಟ್ಟಿತು. ಗುರುಬಾಯಿ ಬಾಗಿಲಲ್ಲಿ ನಿಂತು ಇಡೀ ದವಾಖಾನೆಗೆ ಕೇಳುವಂತೆ ಕೂಗಿದಳು:

"ಡಾಕ್ಟರಬಾಯಿ, ನನ್ನ ಹಲ್ಲ ನೀವ ಇಟ್ಕೊಳ್ರಿ, ನನ್ನ ಎಮ್ಮಿ ನೀವ ಹಿಂಡ್ರಿ!"

ಎಲ್ಲರೂ ನಕ್ಕರು. ಡಾಕ್ಟರರು ನಗಲಿಲ್ಲ. ಅವರಿಗೆ ನಾಚಿಕೆಯಾಗಿತ್ತು.

ಮರುವಾರ ಅವರ ತಂದೆ ಶೇಠಜಿ ಸೋಲಾಪುರದಿಂದ ಬಂದರು. ಒಂದಿಡೀ ದಿನ ನಮ್ಮ ಬೆಂಚಿನ ಮೇಲೆ ಕೂತು, ಯಾರು ಯಾತಕ್ಕೆ ಬರುತ್ತಾರೆ, ಯಾರು ಎಷ್ಟು ಹೊತ್ತು ಕಾಯುತ್ತಾರೆ ಎಂದು ನೋಡಿದರು. ಸಂಜೆ ಮಗಳಿಗೆ ಹೇಳಿದರು:

"ಬೇಟಾ, ಚಾದರ ಬದ್ಲಿ ಮಾಡಾಕ ಬಂದಾವ, ಹೊಸಾ ಚಾದರ ತಗೊಳ್ಳಾಕ ಬಂದಾವ ಒಂದ ಕೌಂಟರಿಗಿ ನಿಂತ್ರ ಅಂಗಡಿ ನಡೀತದೇನು? ಬದ್ಲೀದ ಕಿಡಕಿ ಬ್ಯಾರೆ ಮಾಡು."

ಹಾಗೇ ಮಾಡಿದರು. ಹಿಂದಿನ ಗೋಡೆಯಲ್ಲಿ ಒಂದು ಕಿಟಕಿ ತೆಗೆಸಿದರು. ಸೆಟ್ಟು ತೀಡಿಸುವವರು, ಮುರಿದ ಸೆಟ್ಟು ಜೋಡಿಸುವವರು ಕಿಟಕಿಯಲ್ಲಿ ನನ್ನ ಕೈಗೆ ಕೊಡಬೇಕು. ನಾನು ಡಬ್ಬಿಗೆ ಪಟ್ಟಿ ಅಂಟಿಸಿ ಹೆಸರು ಬರೆದು ಡ್ರಾವರಿನಲ್ಲಿ ಇಡಬೇಕು. ಕುರ್ಚಿಯ ಮೇಲಿನ ಪೇಷಂಟನಿಗೆ ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು ಅದು ಹತ್ತುವವರೆಗೆ ಡಾಕ್ಟರರ ಕೈ ಖಾಲಿ ಇರುತ್ತದಲ್ಲ, ಆಗ ಬಂದು ತೀಡಬೇಕು. ಹಲ್ಲು ಕೀಳಿಸುವವರಿಗೆ, ತುಂಬಿಸುವವರಿಗೆ ಫೋನಿನಲ್ಲಿ ವೇಳೆ ಗೊತ್ತುಮಾಡುವುದು ಶುರುವಾಯಿತು. ಎರಡು ತಿಂಗಳಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಕಾಣದಂತಾದವು. ಬಸ್ಸು ತಪ್ಪಿದವರಿಲ್ಲ. ಬೆಂಚು ಖಾಲಿ. ನನ್ನ ಮೊಣಕಾಲಿಗೂ ಆರಾಮ. ಇಷ್ಟು ಚಲೋ ಕೆಲಸವನ್ನು ಕೆಟ್ಟದ್ದು ಎಂದು ನಾನು ಇವತ್ತೂ ಅನ್ನುವುದಿಲ್ಲ.

ಡಾಕ್ಟರರ ಲೆಕ್ಕದಲ್ಲಿ ಸೆಟ್ಟಿನ ಜೊತೆ ಸೆಟ್ಟಿನ ಒಡೆಯರು ಬರುತ್ತಾರೆ, ಕಿಟಕಿಯ ಆಚೆ ನಿಂತಿರುತ್ತಾರೆ, ಬೇಕಾದಾಗ ಬಾಯಿ ನೋಡಬಹುದು ಎಂದಿತ್ತು. ಆದರೆ ನಮ್ಮ ತಾಲ್ಲೂಕಿನ ಜನ ಯಾವ ಸಾಮಾನಿನ ಜೊತೆಗೂ ತಾವೇ ಬರುವವರಲ್ಲ. ತವರಿಗೆ ಹೋಳಿಗೆ ಕಳಿಸಬೇಕೆ, ಕಂಡಕ್ಟರನ ಕೈಗೆ ಕೊಡುತ್ತಾರೆ. ಹೊಲಿಯಲು ಕುಬಸ ಕೊಡಬೇಕೆ, ಹಾಲಿನ ಗಾಡಿಯವನ ಕೈಗೆ. ಹೀಗಿರುವಾಗ ಸೆಟ್ಟು ಮಾತ್ರ ಯಾಕೆ ಬೇರೆ? ಮೊದಲು ಒಡೆಯರು ಬಂದರು, ಆಮೇಲೆ ಮಕ್ಕಳು ತಂದರು, ಆಮೇಲೆ ಹಾಲಿನ ಗಾಡಿಯ ಸಿದ್ದು ನಾಲ್ಕು ಹಳ್ಳಿಯ ಹಲ್ಲುಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಬರತೊಡಗಿದ.

"ಸಿದ್ದು, ಇದ್ರಾಗ ಯಾರವು ಯಾವು?"

"ಮಾವಶಿ, ನಗಿಸಿ ನೋಡು, ಯಾರಂಗ ನಗ್ತಾವ ಅವರವು."

ಗುರುಬಾಯಿಯ ಸೆಟ್ಟು ಒಂದು ಸ್ಟೀಲಿನ ಡಬ್ಬಿಯಲ್ಲಿ ಬರುತ್ತಿತ್ತು, ಅವಳ ಮಗ ಮಲ್ಲಿನಾಥನ ಕೈಯಲ್ಲಿ. ಮೊದಲ ಸಲ ಡಬ್ಬಿ ತೆಗೆದ ಡಾಕ್ಟರರು ನಕ್ಕುಬಿಟ್ಟರು. ಕೆಳಗಿನ ಸೆಟ್ಟಿನ ಎಡಗಡೆ, ಒಳಮೈಗೆ, ಜೋಳದ ಕಾಳಿನಷ್ಟು ಕುಂಕುಮ ಹಚ್ಚಿತ್ತು. "ಎಲ್ಲಿ ಚುಚ್ಚತದೋ ಅಲ್ಲಿ ಅವ್ವ ಗುರ್ತು ಮಾಡ್ಯಾಳ್ರಿ," ಎಂದ ಮಲ್ಲಿನಾಥ. ಗಂಡ ಸತ್ತ ಮೇಲೆ ಹಣೆಗೆ ಹಚ್ಚದ ಕುಂಕುಮವನ್ನು ದೇವರ ಜಗಲಿಯಿಂದ ತೆಗೆದು ಹಲ್ಲಿಗೆ ಹಚ್ಚಿದ್ದಳು. ಡಾಕ್ಟರರು ಕೆಂಪು ಹೋಗುವವರೆಗೆ ತೀಡಿ, ಪಾಲಿಶ್ ಮಾಡಿ ಕೊಟ್ಟರು. ಮುದುಕಿಯ ಜಾಣತನವನ್ನು ನಾವೆಲ್ಲ ಹೊಗಳಿದೆವು. ಸಿದ್ದುವಿನ ಬಾಯಿಂದ ಸುದ್ದಿ ಹಬ್ಬಿ, ಉಳಿದ ಮುದುಕಿಯರೂ ಕುಂಕುಮ ಹಚ್ಚಿ ಕಳಿಸತೊಡಗಿದರು. ಕೆಲಸ ಇನ್ನೂ ಹಗುರಾಯಿತು.

ಕೆಲವು ವಾರ ಬಿಟ್ಟು ಡಬ್ಬಿ ಮತ್ತೆ ಬಂತು. ಅದೇ ಜಾಗ. ಕುಂಕುಮ ಕಡಲೆಕಾಳಿನಷ್ಟು.

ಮೂರನೆಯ ಸಲ ಬಂದಾಗ ಡಾಕ್ಟರರು ಕಿಟಕಿಗೆ ಬಂದು ಹೇಳಿದರು, "ಮಲ್ಲಿನಾಥ, ಒಮ್ಮೆ ಅವ್ವನ್ನ ಕರಕೊಂಡ ಬಾ."

"ಬರ್ತಾಳ್ರಿ ಮ್ಯಾಡಂ. ಜ್ವಾಳದ ರಾಶಿ ಮುಗೀಲಿ. ಕಿಡಕಿ ಅದಲ್ಲ, ನಾ ಯಾಕ ಬರ್ಲಿ ಅಂತಾಳ್ರಿ."

ರಾಶಿ ಮುಗಿಯಿತು, ಮದುವೆಗಳು ಬಂದವು, ಮಳೆ ಬಂತು. ಡಬ್ಬಿ ಬರುತ್ತಲೇ ಇತ್ತು. ಡಾಕ್ಟರರು ಕುಂಕುಮ ಇದ್ದಲ್ಲಿ ತೀಡುತ್ತಲೇ ಇದ್ದರು. ಕೊನೆಯ ಸಲ ಕುಂಕುಮ ಹೆಬ್ಬೆರಳು ಒತ್ತಿದಷ್ಟು ದೊಡ್ಡದಾಗಿತ್ತು. ಡಾಕ್ಟರರು ಸೆಟ್ಟನ್ನು ಬೆಳಕಿಗೆ ಹಿಡಿದರು. ಎಡಗಡೆ ತೆಳ್ಳಗಾಗಿ ಬೆಳಕು ಆಚೆಯಿಂದ ಈಚೆಗೆ ಹಾಯುತ್ತಿತ್ತು. ಅವರ ಮುಖ ಬಿಳಿಚಿತು.

"ಇನ್ನ ತೀಡಾಕ ಏನೂ ಉಳಿದಿಲ್ಲ. ಸೆಟ್ಟ ಇಲ್ಲೇ ಇರ್ಲಿ. ನಾಳಿ ಅವ್ವನ್ನ ಕರಕೊಂಡ ಬರ್ಲಿಲ್ಲಂದ್ರ ನಾನ ನಿಮ್ಮ ಮನಿಗಿ ಬರ್ತೀನಿ," ಎಂದರು.

ಮರುದಿನ ಗುರುಬಾಯಿ ಬಂದಳು. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಸೊರಗಿದ್ದಳು. ಬಾಯಿ ಎರಡು ಬೆರಳಿನಷ್ಟೂ ತೆಗೆಯಲು ಬರುತ್ತಿರಲಿಲ್ಲ. ನಾನು ಲೈಟು ಹಿಡಿದು ನಿಂತಿದ್ದೆ. ಎಡಗಡೆಯ ವಸಡಿನ ಮೇಲೆ ಹೂಕೋಸಿನಂಥದ್ದು ಬೆಳೆದು ಕೆನ್ನೆಯೊಳಗೆ ಹೋಗಿತ್ತು. ಸೆಟ್ಟು ಚುಚ್ಚುತ್ತಿರಲಿಲ್ಲ. ಒಳಗಿನದು ಬೆಳೆದು ಸೆಟ್ಟನ್ನು ತಳ್ಳುತ್ತಿತ್ತು. ಪ್ರತಿ ಸಲ ತೀಡಿದಾಗ ನಾವು ಅದಕ್ಕೆ ಇನ್ನಷ್ಟು ಜಾಗ ಮಾಡಿಕೊಟ್ಟಂತಾಗಿತ್ತು.

ಸೋಲಾಪುರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಬಯಾಪ್ಸಿ ಮಾಡಿದರು, ಅಂದರೆ ಹುಣ್ಣಿನ ಸಣ್ಣ ತುಂಡು ಕತ್ತರಿಸಿ ತಪಾಸಣೆಗೆ ಹಾಕುವುದು. ಕ್ಯಾನ್ಸರ್. ದವಡೆಯ ಎಲುಬು ದಾಟಿ ಕುತ್ತಿಗೆಯ ಗಂಟಿಗೆ ಇಳಿದಿತ್ತು. ಮೊದಲೇ ಬಂದಿದ್ದರೆ ಕತ್ತರಿಸಿ ತೆಗೆಯಬಹುದಿತ್ತು, ಈಗ ಶೆಕ ಕೊಟ್ಟು ನೋವು ಕಡಿಮೆ ಮಾಡಬಹುದು ಎಂದರು. ಶೆಕ ಎಂದರೆ ರೇಡಿಯೇಶನ್.

ನಾನು ರಜೆಯ ದಿನ ಎಸ್‌ಟಿ ಹತ್ತಿ ಆಸ್ಪತ್ರೆಗೆ ನೋಡಲು ಹೋದೆ. ಮೂಗಿನಲ್ಲಿ ಹಾಲು ಬಿಡುವ ನಳಿಕೆ ಇತ್ತು. ಮಾತು ತೊದಲಾಗಿತ್ತು, ಆದರೂ ತಿಳಿಯುತ್ತಿತ್ತು.

"ಮಾದೇವಿ, ಕಿಡಕ್ಯಾಗ ನನ್ನ ಹಲ್ಲ ನೋಡ್ತಿದ್ದಿಲ್ಲ?"

"ನೋಡ್ತಿದ್ದೆ."

"ಕುಂಕುಮ ಹಚ್ಚಿ ಕಳಸ್ತಿದ್ದೆ. ಸರಿ ಹಚ್ಚಿದ್ನಿಲ್ಲೋ?"

"ಸರಿ ಹಚ್ಚಿದ್ದಿ, ಗುರುಬಾಯಿ."

"ಮತ್ಯಾಕ ಹಿಂಗಾತು?"

ಬಾಯಿಗೆ ಬಂದ ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ. ಅವಳ ಕಾಲು ತಣ್ಣಗಿದ್ದವು, ತಿಕ್ಕುತ್ತ ಕೂತೆ. ಹೊರಡುವಾಗ ಅವಳು ಕೇಳಿದ್ದು ಎಮ್ಮೆಯನ್ನು. "ಸೊಸಿ ಹಿಂಡಿದ್ರ ಒದಿತದ, ಮಲ್ಯಾಗ ಹೇಳು, ಅಂವಾನೇ ಹಿಂಡ್ಲಿ."

ದೀಪಾವಳಿಗೆ ಮೊದಲೇ ಹೋದಳು. ಮಣ್ಣಿಗೆ ಡಾಕ್ಟರರೂ ಬಂದಿದ್ದರು, ಹಿಂದೆ ಹೆಂಗಸರ ನಡುವೆ ನಿಂತಿದ್ದರು. ಕೂಡಿಸಿದ ಹೆಣದ ಬಾಯಿ ಒಳಗೆ ಕುಸಿದಿತ್ತು. ಯಾರೋ ಸೆಟ್ಟು ಹಾಕಬೇಕಾಗಿತ್ತು ಅಂದರು. ಸೆಟ್ಟು ನಮ್ಮ ಡ್ರಾವರಿನಲ್ಲಿತ್ತು.

ಕೆಲವು ದಿನ ಬಿಟ್ಟು ಒಂದು ಸಂಜೆ ಮಲ್ಲಿನಾಥ ಕಿಟಕಿಗೆ ಬಂದ. ಅಭ್ಯಾಸಬಲ, ಮುಂಬಾಗಿಲಿಗೆ ಬರಲಿಲ್ಲ.

"ಮಾವಶಿ, ಅವ್ವನ ಹಲ್ಲ ಕೊಡ್ರಿ."

ಡಬ್ಬಿಯ ಮೇಲೆ ನನ್ನ ಅಕ್ಷರದಲ್ಲಿ ಅವಳ ಹೆಸರು ಇನ್ನೂ ಇತ್ತು. ಕೊಟ್ಟೆ. ಅವನು ಮುಚ್ಚಳ ತೆಗೆದು ನೋಡಲಿಲ್ಲ, ಅಂಗಿಯ ಒಳಗೆ ಇಟ್ಟುಕೊಂಡು ಹೋದ. ನನ್ನ ಹಿಂದೆ ಡಾಕ್ಟರರು ನಿಂತಿದ್ದರು.

"ಮಾವಶಿ, ನಾ ಪ್ರತಿ ಸಲ ಸರಿಯಾದ ಜಾಗಾದಾಗೇ ತೀಡಿದ್ದೆ," ಎಂದರು.

"ಹೌದ್ರಿ. ಸರಿಯಾದ ಜಾಗಾದಾಗೇ," ಎಂದೆ.

ಅವರು ಕೈಗವಸು ಹಾಕಿದ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತರು. ನಾನು ನೆಲ ಒರೆಸಿ ಮುಗಿಸಿದೆ. ಅಳು ನಿಂತ ಮೇಲೆ, ಕಿಟಕಿ ಮುಚ್ಚಲೇನು ಎಂದು ನನ್ನನ್ನು ಕೇಳಿದರು. ಮುಚ್ಚಿದರೆ ಮತ್ತೆ ಗರ್ದಿ, ಮತ್ತೆ ಬಸ್ಸು ತಪ್ಪುವುದು. ಅದನ್ನೂ ಅವರೇ ಹೇಳಿದರು. ಅಪ್ಪನನ್ನು ಕೇಳಿ ನೋಡುತ್ತೇನೆ ಎಂದು ಕಾರು ಹತ್ತಿದರು.

ಇಷ್ಟು ವರ್ಷ ಅಲ್ಲಿ ದುಡಿದು ನಾನು ಕಲಿತದ್ದು ಇದು: ದವಾಖಾನೆಯಲ್ಲಿ ಕಾಯುವ ಹೊತ್ತು ಪೂರ್ತಿ ವ್ಯರ್ಥವಲ್ಲ. ಕಾಯುವಾಗ ಮನುಷ್ಯ ಆಕಳಿಸುತ್ತಾನೆ, ಬೈಯುತ್ತಾನೆ, ರೊಟ್ಟಿ ತಿನ್ನುತ್ತಾನೆ, ನಗುತ್ತಾನೆ. ಅಷ್ಟರಲ್ಲಿ ಯಾರಾದರೊಬ್ಬರಿಗೆ ಅವನ ಬಾಯಿ ಕಂಡಿರುತ್ತದೆ. ಗರ್ದಿ ಕಡಿಮೆ ಮಾಡುವವರು ಮಾಡಲಿ, ಬೇಕಾದದ್ದೇ. ಆದರೆ ಸಾಮಾನು ಮುಂದೆ ಹೋಗಿ ಮನುಷ್ಯ ಹಿಂದೆ ಉಳಿಯಬಾರದು.

ಮರುದಿನ ಬೆಳಿಗ್ಗೆ ಕಾರು ಬರುವ ಮೊದಲೇ ನಾನು ದವಾಖಾನೆ ತೆಗೆದು, ಕಿಟಕಿಯ ಹೊರಗೆ ಒಂದು ಸ್ಟೂಲು ಹಾಕಿ, ಒಳಗಡೆ ಟಾರ್ಚು ಇಟ್ಟುಕೊಂಡು ನಿಂತೆ. ಸಿದ್ದು ಎಂದಿನಂತೆ ಹಾಲಿನ ಗಾಡಿ ನಿಲ್ಲಿಸಿ ಬಂದು ಒಂದು ಡಬ್ಬಿ ಒಳಗೆ ಚಾಚಿದ. ಭಂಡಾರಕವಠೆಯ ಯಾರೋ ಮುದುಕಿಯದು. ತೆಗೆದು ನೋಡಿದೆ. ಕುಂಕುಮ ಇತ್ತು. ಮುಚ್ಚಳ ಹಾಕಿ ತಿರುಗಿ ಅವನ ಕೈಗೇ ಇಟ್ಟೆ.

"ಇವು ಇಲ್ಲಿ ಬ್ಯಾಡ. ಮುದುಕೀನ್ನ ಕರಕೊಂಡ ಬಾ."

"ಏ ಮಾವಶಿ, ಅಷ್ಟ ದೂರದಿಂದ? ಆ ಮುದುಕಿ ನನ್ನ ಸುಲಿದ ಹಾಕ್ತಾಳ. ಭಾಳ ಬೈತಾಳ!"

"ಬೈಲಿ. ಬೈಯಾಕ ಬಾಯಿ ತಗೀಬೇಕಲ್ಲ? ಇಲ್ಲಿ ಬಂದು, ಈ ಸ್ಟೂಲ ಮ್ಯಾಗ ಕುಂತು ಬೈ ಅನ್ನು."