ಇನ್ಶಿರಾಹ್ ಅಕ್ಕನ ಗೆರೆ
ತಂತಾ ಪಟ್ಟಣದ ನಮ್ಮ ಮದುವೆ ಕಾರ್ಡಿನ ಅಂಗಡಿಯಲ್ಲಿ ಇನ್ಶಿರಾಹ್ ಅಕ್ಕ ಯಾರನ್ನೂ ನಂಬುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಬರೀ ಮೌಸ್ ಹಿಡಿದು ಅವಳು ಬಿಡಿಸುವ ಹೂಬಳ್ಳಿಯ ಗೆರೆಗೆ ನಡು ದಪ್ಪ, ತುದಿ ಕೂದಲಿನಷ್ಟು ತೆಳು. ಅದು ಕುಂಚದಲ್ಲೇ ಬರೆದದ್ದೆಂದು ಗಿರಾಕಿಗಳು ವಾದಿಸುತ್ತಿದ್ದರು. ಹೇಗೆಂದು ಯಾರಾದರೂ ಕೇಳಿದರೆ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸುವಳು. ಚಹಾ ತಂದುಕೊಟ್ಟರೆ, "ಇವತ್ತೇನು ಇಷ್ಟೊಂದು ಪ್ರೀತಿ?" ಎಂದು ಲೋಟವನ್ನೂ ನನ್ನನ್ನೂ ಒಮ್ಮೆ ದಿಟ್ಟಿಸುವಳು. ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬರೆಯುವ ಹಲಗೆ ಕೊಡಿಸುತ್ತೇನೆಂದು ಮಾಲೀಕ ರಿಫಾತ್ ಹೇಳಿದಾಗ, "ಪೆನ್ನು ಬಂದ್ರೆ ಯಾರು ಬೇಕಾದ್ರೂ ಎಳೀತಾರೆ. ಆಮೇಲೆ ನನ್ನ ಕುರ್ಚಿ ಯಾರಿಗೆ ಅಂತ ಗೊತ್ತು ಬಿಡಿ" ಎಂದು ಬೇಡವೆಂದುಬಿಟ್ಟಳು. ಪಕ್ಕದ ಮೇಜಿನವಳಾದ ನನ್ನ ಮೇಲಂತೂ ಅವಳಿಗೆ ಸದಾ ಕಣ್ಣು. ನಾನು ಸೀನಿದರೂ ಅದು ಬಗ್ಗಿ ನೋಡಲು ಹೂಡಿದ ಉಪಾಯ. ಮದುವೆಯಾಗಿ ಸುಯೆಜ್‌ಗೆ ಹೋಗಿ ಅಲ್ಲಿ ಸ್ವಂತ ಅಂಗಡಿ ಇಡುತ್ತೇನೆಂದು ನಾನು ಹೇಳಿದ ದಿನ ಅವಳ ಮುಖ ಬಿಗಿಯಿತು. "ಗೊತ್ತಿತ್ತು ಕಣೇ ರಬಾಬ್, ನನ್ನ ಗೆರೆ ಕದಿಯೋಕೇ ಬಂದವಳು ನೀನು" ಎಂದಳು. ನಾನು ನನ್ನ ಮೇಜಿಗೆ ತಿರುಗಿ ಕೆಲಸ ಮುಂದುವರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕುರ್ಚಿ ಸರಿಸಿ ಜಾಗ ಮಾಡಿ, ನನ್ನ ಕೈಯನ್ನು ಮೌಸಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟಳು. "ಮೊದಲು ದಪ್ಪಗೆ ಎಳಿ. ಈಗ ಪರದೆಯಲ್ಲಿರೋ ಅಳಿಸೋ ರಬ್ಬರ್ ತಗೊಂಡು ಎರಡೂ ಕಡೆಯಿಂದ ಅಳಿಸ್ತಾ ಬಾ. ತೆಳು ತುದಿ ಎಳೆಯೋಕಾಗಲ್ಲ ಕಣೇ, ಅಳಿಸಿ ಅಳಿಸಿ ಉಳಿಸ್ಕೋಬೇಕು." ನನ್ನ ಬಳ್ಳಿಗೂ ತುದಿ ಬಂತು. ಅಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಯಾರಿಗೂ ಹೇಳಬೇಡ. ಹೇಳಲೇಬೇಕಾಗಿ ಬಂದ್ರೆ, ಇನ್ಶಿರಾಹ್ ಕಲಿಸಿದ್ದು ಅನ್ನು."